ಅಮ್ಮನ ಟ್ರಂಕಿನ ಚಂದಮಾಮ

ಹಳೆಯ ಪತ್ರಿಕೆಗಳ ಬಣ್ಣದ ಮುಖಪುಟಗಳಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕುವ ಹವ್ಯಾಸ ಈಗ ಕೆಲವು ಮನೆಗಳಲ್ಲಿ ಕಾಣುತ್ತದೆ. ನೋಡಲು ಸೊಗಸೇ. ಆದರೆ ಅಂಥ ಗೋಡೆ ಕಂಡಾಗಲೆಲ್ಲ ನನಗೆ ಅಮ್ಮನ ಟ್ರಂಕು ನೆನಪಾಗಿ ಮನಸ್ಸು ಚುರುಕ್ಕೆನ್ನುತ್ತದೆ.

ಟ್ರಂಕಿನಲ್ಲಿದ್ದುದು ‘ಚಂದಮಾಮ’. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಕ್ಕಳ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಸಾಮಾನ್ಯವಾಗಿ ಒಂದೇ ಮುಖಚಿತ್ರ ಎಲ್ಲ ಭಾಷೆಗಳ ಸಂಚಿಕೆಗಳಿಗೂ ಇರುತ್ತಿತ್ತು. ತಮಿಳಿನಲ್ಲಿ ಹೆಸರು ಮಾತ್ರ ‘ಅಂಬುಲಿಮಾಮ’. ಮಹಾಭಾರತದ ಪ್ರಸಂಗಗಳನ್ನು ಮುಖಪುಟಕ್ಕೆ ತಂದ ಎಂ.ಟಿ.ವಿ. ಆಚಾರ್ಯರು ನಮ್ಮ ಕನ್ನಡದವರೇ. ಆಂಧ್ರದ ವಡ್ಡಾದಿ ಪಾಪಯ್ಯ ತಮ್ಮ ಚಿತ್ರಗಳಿಗೆ ‘ವ.ಪಾ.’ ಎಂದು ಚಿಕ್ಕದಾಗಿ ಸಹಿ ಹಾಕುತ್ತಿದ್ದರು. ಹೆಣವನ್ನು ಹೆಗಲಿಗೇರಿಸಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ನಮ್ಮ ಕಣ್ಣಲ್ಲಿ ನಿಲ್ಲಿಸಿದವರು 2020ರಲ್ಲಿ ತೀರಿಕೊಂಡ ಶಂಕರ್. ಚಿತ್ರಶಾಲೆಯ ಮೆಟ್ಟಿಲು ಹತ್ತದ ನಮ್ಮಂಥ ಊರುಗಳ ಮಕ್ಕಳಿಗೆ ಇವರೇ ಮೊದಲ ಚಿತ್ರಗುರುಗಳು.

ಅಮ್ಮ ತನ್ನ ಬಾಲ್ಯದ ಸಂಚಿಕೆಗಳನ್ನು ಮದುವೆಯಾಗಿ ಬರುವಾಗ ಸೀರೆಗಳ ಜೊತೆಗೇ ತಂದಿದ್ದಳು. 1995ರಲ್ಲಿ ನಾನು ಹೊಸದಾಗಿ ಟೀಚರಾದಾಗ ನನ್ನ ತರಗತಿಯ ಗೋಡೆ ಬೋಳಾಗಿತ್ತು. ಉತ್ಸಾಹದ ಭರದಲ್ಲಿ ಹನ್ನೊಂದು ಮುಖಪುಟಗಳನ್ನು ಕಿತ್ತು, ಮೈದಾ ಅಂಟು ಕಾಯಿಸಿ ಗೋಡೆಗೆ ಹಚ್ಚಿದೆ. ಮಕ್ಕಳು ಕುಣಿದಾಡಿದರು. ಎರಡು ಬೇಸಿಗೆಯ ಬಿಸಿಲಿಗೆ ಬಣ್ಣ ಬಿಳಿಚಿಕೊಂಡಿತು, ಅಂಟಿನ ಆಸೆಗೆ ಬಂದ ಹುಳು ಅಂಚು ತಿಂದಿತು. ಕೊನೆಗೆ ಸುಣ್ಣ ಹೊಡೆಯುವವರು ಕೆರೆದು ಹಾಕಿದರು. ಅಮ್ಮ ಬೈಯಲಿಲ್ಲ. “ಮಕ್ಕಳು ನೋಡಿದರಲ್ಲ, ಬಿಡೇ” ಎಂದಳು.

ಅಮ್ಮ ಹೋದ ಮೇಲೆ ಟ್ರಂಕು ತೆಗೆದೆ. ಉಳಿದಿದ್ದ ಒಂದೊಂದು ಮುಖಪುಟದ ಒಳಬದಿಯಲ್ಲೂ ಪೆನ್ಸಿಲಿನ ದುಂಡು ಅಕ್ಷರ: ಅವಳ ಹೆಸರು, ತರಗತಿ, ಪುಸ್ತಕ ತಂದುಕೊಟ್ಟವರ ಹೆಸರು. ಏಳನೆಯ ತರಗತಿಗೇ ಶಾಲೆ ಬಿಡಿಸಿಕೊಂಡವಳ ಕೈಬರಹ ನಮ್ಮಲ್ಲಿ ಬೇರೆಲ್ಲೂ ಇಲ್ಲ. ನಾನು ಅಂಟು ಬಳಿದದ್ದು ಆ ಬದಿಗೇ.

ಮುಖಪುಟ ಸುಲಭವಾಗಿ ಕಳೆದುಹೋಗುವ ವಸ್ತು. ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಬೈಂಡು ಮಾಡಿಸುವಾಗ ಎಷ್ಟೋ ಕಡೆ ಅದನ್ನೇ ಮೊದಲು ಕಿತ್ತೆಸೆಯುತ್ತಿದ್ದರು. ಕಿತ್ತ ಹಾಳೆಯನ್ನು ಹಾಗೇ ಇಟ್ಟರೂ, ಯಾವ ಸಂಚಿಕೆಯದು, ಒಳಗಿನ ಯಾವ ಕತೆಗೆ ಸೇರಿದ್ದು ಎಂಬುದು ಕ್ರಮೇಣ ಮರೆತುಹೋಗುತ್ತದೆ. 2013ರಲ್ಲಿ ‘ಚಂದಮಾಮ’ ನಿಂತೇಹೋಯಿತು. ಉಳಿದದ್ದು ನಮ್ಮ ನಿಮ್ಮ ಅಟ್ಟಗಳಲ್ಲಿ ಇರುವಷ್ಟೇ.

ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಕತ್ತರಿ ಹಾಕಬೇಡಿ. ಮುಖಪುಟವನ್ನು ಸ್ಕ್ಯಾನ್ ಮಾಡಿಸಿ, ಬಣ್ಣದ ಪ್ರತಿ ತೆಗೆಸಿ, ಅದಕ್ಕೆ ಕಟ್ಟು ಹಾಕಿಸಿ. ಹಿಂಬದಿಯಲ್ಲಿ ತಿಂಗಳು, ವರ್ಷ, ಚಿತ್ರಕಾರರ ಹೆಸರು ಬರೆದಿಡಿ. ಮೂಲ ಸಂಚಿಕೆಯನ್ನು ಬಿಸಿಲು, ತೇವ ತಾಗದಂತೆ ಮಲಗಿಸಿಡಿ. ಅಂಟು, ಸೆಲೋಟೇಪು ಸೋಕಿಸಬೇಡಿ.

ನಮ್ಮ ನಡುಮನೆಯಲ್ಲಿ ಈಗ ಎರಡು ಕಟ್ಟುಗಳಿವೆ. ಒಂದರಲ್ಲಿ ಆಚಾರ್ಯರ ಮುಖಚಿತ್ರದ ಪ್ರತಿ, ಇನ್ನೊಂದರಲ್ಲಿ ಅದೇ ಹಾಳೆಯ ಒಳಬದಿಯ ಪ್ರತಿ. ಬಂದವರು ಮೊದಲನೆಯದನ್ನು ಹೊಗಳುತ್ತಾರೆ. ಮೊಮ್ಮಗಳು ಮಾತ್ರ ಎರಡನೆಯದರ ಮುಂದೆ ನಿಂತು ಮುತ್ತಜ್ಜಿಯ ಹೆಸರನ್ನು ಅಕ್ಷರ ಕೂಡಿಸಿ ಓದುತ್ತಾಳೆ.