ಧರ್ಮಾಂಬುಧಿಯಲ್ಲಿ ಬಸ್ಸಿಳಿದು

ನಮ್ಮ ರಾಯಲ್ಪಾಡಿನಿಂದ ಬೆಂಗಳೂರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೂ ಬೆಂಗಳೂರು ನೋಡಿದ್ದೇನೆ ಎಂದು ಹೇಳಲಾರೆ. ಮೆಜೆಸ್ಟಿಕ್‌ನಲ್ಲಿ ಇಳಿಯುವುದು, ಪತ್ರಾಗಾರಕ್ಕೆ ಓಡುವುದು, ಕಡತ ತಿರುವುವುದು, ಸಂಜೆಯ ಬಸ್ಸು ತಪ್ಪದಂತೆ ಮತ್ತೆ ಓಡಿ ಬರುವುದು. ಪಿಎಚ್.ಡಿ.ಯ ನಾಲ್ಕು ವರ್ಷ ಹೀಗೇ ಕಳೆದಿದೆ. ನನ್ನ ವಿಷಯ ಕೋಲಾರ ಸೀಮೆಯ ಕೆರೆಗಳು. ಕಳೆದ ತಿಂಗಳು ಒಂದು ದಿನ ಕಡತ ಮುಟ್ಟದೆ, ಬೆಂಗಳೂರಿನ ಕೆರೆಗಳನ್ನಷ್ಟೇ ಹುಡುಕಿಕೊಂಡು ಸುತ್ತೋಣವೆಂದು ಹೊರಟೆ. ‘ಒಬ್ಬಳೇ ಏನೇ ಅಲ್ಲಿ ಅಲೆಯೋದು, ಅದೂ ಇಲ್ಲದ ಕೆರೆ ನೋಡೋಕೆ’ ಎಂದು ಅಮ್ಮ ತೆಲುಗಿನಲ್ಲಿ ಗೊಣಗಿದಳು. ನಮ್ಮದು ಆಂಧ್ರದ ಗಡಿ. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಬೈಗುಳ ಎರಡರಲ್ಲೂ.

ಕೆರೆ ನೋಡಲು ದೂರ ಹೋಗಬೇಕಾಗಲಿಲ್ಲ. ಬಸ್ಸು ನಿಂತದ್ದೇ ಕೆರೆಯಂಗಳದಲ್ಲಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಒಂದು ಕಾಲಕ್ಕೆ ಪೇಟೆಯ ಜನ ಕುಡಿದದ್ದು ಅದರ ನೀರನ್ನು. ಬತ್ತಿದ ಮೇಲೆ ಅದು ಮೈದಾನವಾಯಿತು, ಸುಭಾಷ್‌ನಗರ ಎನಿಸಿಕೊಂಡಿತು, ಆಮೇಲೆ ಬಸ್ ನಿಲ್ದಾಣವಾಯಿತು. ಏರಿಯ ಮೇಲಿದ್ದ ಅಣ್ಣಮ್ಮ ದೇವಿ ಈಗಲೂ ಅಲ್ಲೇ ಇದ್ದಾಳೆ. ಕೆರೆ ಕಾಯುವ ದೇವತೆ ನಮ್ಮ ಕಡೆ ಊರೂರಿಗೂ ಉಂಟು; ಕೆರೆ ಹೋಗಿ ದೇವತೆ ಮಾತ್ರ ಉಳಿದದ್ದನ್ನು ಕಂಡು ಕೈಮುಗಿಯುವಾಗ ಸ್ವಲ್ಪ ಮುಜುಗರವೇ ಆಯಿತು. ಹತ್ತಿರದ ಒಂದು ರಸ್ತೆಯ ಹೆಸರು ಇನ್ನೂ ಟ್ಯಾಂಕ್ ಬಂಡ್ ರೋಡ್. ಅಲ್ಲಿ ಆಟೊದವರೊಬ್ಬರನ್ನು ‘ಅಣ್ಣಾ, ಇಲ್ಲಿ ಟ್ಯಾಂಕ್ ಎಲ್ಲಿತ್ತು?’ ಎಂದು ಕೇಳಿದೆ. ‘ನೀರಿನ ಟ್ಯಾಂಕಾ? ಅದು ಆ ಕಡೆ ಮೇಲೆ ಕಾಣುತ್ತಲ್ಲ’ ಎಂದು ಸಿಮೆಂಟಿನ ಟ್ಯಾಂಕೊಂದನ್ನು ತೋರಿಸಿದರು.

ಅಲ್ಲಿಂದ ಚಿಕ್ಕಪೇಟೆ, ದೊಡ್ಡಪೇಟೆಗಳ ದಾರಿಯಲ್ಲಿ ನಡೆದೆ. 1537ರಲ್ಲಿ ಕೆಂಪೇಗೌಡ ನಾಲ್ಕು ಜೊತೆ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿಸಿ ಬೀದಿಗಳ ಗೆರೆ ಎಳೆಸಿದ ಎನ್ನುವ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆ ಪೇಟೆ ನಿಂತ ನೆಲ. ಬೆಂಗಳೂರು ದಿಬ್ಬದ ಮೇಲಿನ ಊರು, ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಹರಿದುಹೋಗುವ ನೀರನ್ನು ಕಟ್ಟಿ ನಿಲ್ಲಿಸದಿದ್ದರೆ ಅಲ್ಲಿ ಊರೇ ಇಲ್ಲ. ಕೋಲಾರದ ಕಥೆಯೂ ಇದೇ.

ಕೆ.ಆರ್. ಮಾರುಕಟ್ಟೆ ಇರುವುದು ಸಿದ್ದಿಕಟ್ಟೆಯ ಮೇಲೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೇನೆ ಪೇಟೆಯನ್ನು ಹಿಡಿದು, ಎರಡು ವಾರ ಕಳೆದು ಕೋಟೆಗೆ ನುಗ್ಗಿದ್ದು ಇದೇ ಆಸುಪಾಸಿನಲ್ಲಿ. ಕೊತ್ತಂಬರಿ ಮಾರುತ್ತಿದ್ದ ಅಜ್ಜಿಯೊಬ್ಬರ ಮಾತಿನಲ್ಲಿ ನಮ್ಮ ಕಡೆಯ ತೆಲುಗು ಕೇಳಿ ಕಿವಿ ನೆಟ್ಟಗಾಯಿತು. ಸಿದ್ದಿಕಟ್ಟೆ ಎಲ್ಲಿ ಎಂದು ಕೇಳಿದರೆ, ‘ಅದು ಹೂವಿನ ಕಡೇದಾ, ತರಕಾರಿ ಕಡೇದಾ?’ ಎಂದರು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಚಾಮರಾಜಪೇಟೆ ದಾಟಿ ಕೆಂಪಾಂಬುಧಿ ತಲುಪಿದೆ. ಗಡಿಗೋಪುರವೂ ಇದೆ, ಕೆರೆಯೂ ಇದೆ. ಸುತ್ತ ಬೇಲಿ, ಹಸಿರುಗಟ್ಟಿದ ನೀರು. ಬೆಳಗ್ಗಿನಿಂದ ನಡೆದು ಮೊದಲ ಸಲ ನೀರು ಕಂಡಿದ್ದೆ. ಅಲ್ಲೇ ಕೂತು ಬುತ್ತಿ ಬಿಚ್ಚಿದೆ.

ಕೆರೆಗಳನ್ನು ನುಂಗಿದ್ದು ಬಿಲ್ಡರುಗಳು ಎಂಬ ಮಾತನ್ನು ನಾವು ಎಷ್ಟು ಸಲ ಓದಿಲ್ಲ! ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದು ಬಂದದ್ದು 1890ರ ದಶಕದಲ್ಲಿ. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿ ಬಂದ ಮೇಲೆ ಪೇಟೆಯವರಿಗೆ ಕೆರೆಯ ಹಂಗು ಉಳಿಯಲಿಲ್ಲ. ಹೂಳು ತೆಗೆಯುವವರಿಲ್ಲ, ಕಾಲುವೆ ನೋಡುವವರಿಲ್ಲ. ಬೇಡವಾದ ಕೆರೆ ಮೊದಲು ಖಾಲಿ ಜಾಗವಾಯಿತು. ಮೈದಾನ, ಬಸ್ ನಿಲ್ದಾಣ, ಲೇಔಟು ಬಂದದ್ದು ಆಮೇಲೆ.

ಇದನ್ನು ಬರೆಯುವಾಗ ಬೆಂಗಳೂರನ್ನೊಂದೇ ಬೈದು ಕೂರುವ ಹಕ್ಕು ನನಗಿಲ್ಲ. ನನ್ನ ತಾತ ನೀರುಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡುವುದು, ರಾತ್ರಿ ಮಳೆ ಹೊಡೆದರೆ ಲಾಟೀನು ಹಿಡಿದು ಏರಿ ಕಾಯುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಅವರ ಪಾಲಿನ ಭತ್ತ ಅಳೆಯುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂದವು. ತನ್ನ ಹೊಲದಲ್ಲೇ ಮೋಟಾರು ಇರುವವನಿಗೆ ನೀರುಗಂಟಿ ಯಾಕೆ? ಭತ್ತ ಅಳೆಯುವುದು ನಿಂತಿತು. ಪೇಟೆಗೆ ನಲ್ಲಿ ಮಾಡಿದ್ದನ್ನು ನಮಗೆ ಬೋರ್‌ವೆಲ್ ಮಾಡಿತು, ನೂರು ವರ್ಷ ತಡವಾಗಿ.

ಮಧ್ಯಾಹ್ನ ಆಟೊ ಹಿಡಿದು ಕಂಠೀರವ ಕ್ರೀಡಾಂಗಣಕ್ಕೆ ಹೋದೆ. ಅದು ಸಂಪಂಗಿ ಕೆರೆ. ಅದರ ನೀರು ನಂಬಿ ತಿಗಳರು ತೋಟ ಮಾಡುತ್ತಿದ್ದರು. ಈಗ ಉಳಿದಿರುವುದು ಕರಗದ ಆಚರಣೆಗೆಂದು ಉಳಿಸಿಕೊಂಡ ಚಿಕ್ಕದೊಂದು ಕೊಳ. ವರ್ಷಕ್ಕೊಮ್ಮೆಯಾದರೂ ಆ ನೀರು ಬೇಕೆನ್ನುವ ಜನ ಇದ್ದರಲ್ಲ, ಹಾಗಾಗಿ ಅಷ್ಟಾದರೂ ಉಳಿಯಿತು ಎಂದು ನನ್ನ ಊಹೆ.

ಸಂಜೆಯ ಬಸ್ಸಿನ ಕಿಟಕಿಯಲ್ಲಿ ಕೂತು ಲೆಕ್ಕ ಹಾಕಿದೆ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ಬೆಂಗಳೂರು ಕುಡಿಯುತ್ತದೆ. ಬಳಸಿಬಿಟ್ಟ ನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿ, ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಕಳಿಸುತ್ತದೆ. ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಿದ್ದದ್ದು 2018ರ ಜೂನ್‌ನಲ್ಲಿ. ದಿನಕ್ಕೆ 44 ಕೋಟಿ ಲೀಟರ್ ಕೊಡುವ ಯೋಜನೆ ಅದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ನಮ್ಮ ಜಿಲ್ಲೆಯ ಹೋರಾಟಗಾರರು ಕೋರ್ಟಿಗೂ ಹೋದರು. ಕೆರೆ ತುಂಬಿ ಬೋರ್‌ವೆಲ್‌ಗಳಿಗೆ ನೀರು ಬಂತೆಂದು ಸಂತೋಷಪಡುವ ರೈತರನ್ನೂ ಕ್ಷೇತ್ರಕಾರ್ಯದಲ್ಲಿ ಕಂಡಿದ್ದೇನೆ. ಇಬ್ಬರ ಮಾತನ್ನೂ ಪ್ರಬಂಧದಲ್ಲಿ ಬರೆಯಬೇಕು. ಹೇಗೆಂದು ಇನ್ನೂ ತಿಳಿದಿಲ್ಲ.

ಮನೆ ಸೇರಿದಾಗ ತಾತ ಎಚ್ಚರವಾಗಿದ್ದರು. ಬಸ್ ನಿಲ್ದಾಣವಾದ ಕೆರೆಯ ಕಥೆಯನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ‘ಕೋಡಿ ಯಾವ ಕಡೆ ಇತ್ತಮ್ಮಾ?’ ಎಂದರು. ಅದನ್ನು ನಾನು ನೋಡಿಕೊಂಡು ಬಂದಿರಲಿಲ್ಲ.