ಹೊಗಿಗೊಂದು ಹಾದಿ

ಹೋದ ತಿಂಗಳ ಸೊಸಿ ಫೋನ್ ಮಾಡಿದ್ಲು. "ಅತ್ತಿ, ಅಡಗಿಮನಿಗೆ ಚಿಮಣಿ ಹಾಕಸಾಕತ್ತೀವಿ. ಗ್ವಾಡಿ ಕೊರದು ಪೈಪ್ ಹೊರಗ ಬಿಡೋದೋ, ಪೈಪ್ ಇಲ್ಲದ್ದು ಸಾಕೋ?" ತೂತು ಹಾಕಿದ್ರ ಗ್ವಾಡಿ ಚಂದ ಕೆಡತದ ಅಂತ ನನ್ನ ಮಗನ ಮಾತು. ನನಗ ನಮ್ಮವ್ವ ನೆನಪಾದ್ಲು.

ನಮ್ಮ ತವರಮನಿ ಮಣ್ಣಿನ ಮಾಳಗಿದ್ದು. ಹೊಗಿ ಹೋಗಲಿಕ್ಕೆ ಒಲಿ ಮ್ಯಾಲೆ ಒಂದು ಬೆಳಕಿಂಡಿ, ಅಷ್ಟ. ಮಳಿ ಬಂದ್ರ ಅದನ್ನೂ ಮುಚ್ಚತಿದ್ರು. ಹಸಿ ಕಟಗಿ, ಊದಗೊಳವಿ, ಅವ್ವನ ಕೆಂಪನ ಕಣ್ಣು. ವಯಸ್ಸಾದ ಮ್ಯಾಲೆ ಕೆಮ್ಮು ಹತ್ತಿತು. ಡಾಕ್ಟರು "ಬೀಡಿ ಸೇದತಿದ್ರೇನು?" ಅಂತ ಕೇಳಿದ್ರು. ಅವ್ವಗ ನಗು ಬಂತು, ನನಗ ಬರಲಿಲ್ಲ.

ಹೊಗಿಗೆ ಹಾದಿ ಮಾಡಬೇಕು ಅನ್ನೋ ವಿಚಾರ ಹೊಸಾದಲ್ಲ ನೋಡ್ರಿ. 1947ರಾಗ ವಾರ್ಧಾದ ಮಗನವಾಡಿಯೊಳಗ ಮಗನ್ ಚೂಲಾ ಮಾಡಿದ್ರು. 1953ರ ಸುಮಾರಿಗೆ ಹೈದರಾಬಾದಿನ ಎಸ್.ಪಿ. ರಾಜು ಅವರು ಕೊಳವಿ ಇರೋ ಹೊಗಿ ಇಲ್ಲದ ಒಲಿ ತಯಾರ ಮಾಡಿದ್ರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ 1974ರಾಗ 'ಅಸ್ತ್ರ' ಅನ್ನೋ ವಿಭಾಗ ಶುರುವಾತು. ಅಸ್ತ್ರ ಒಲಿ ಅಲ್ಲಿಂದ ಬಂದದ್ದ. ಬೆಂಕಿ ಒಳಗ ಮುಚ್ಚಿಟ್ಟು, ಆ ಝಳ ಒಂದಾದ ಮ್ಯಾಲೊಂದು ಮೂರು ಪಾತ್ರಿ ಕೆಳಗ ಹಾಯ್ದು, ಕಡೀಕೆ ಕೊಳವಿಯಿಂದ ಮ್ಯಾಲೆ ಹೋಗತದ. ಬಿಸಿ ಹೊಗಿ ಹಗುರ, ಮ್ಯಾಲೇರೋದ ಅದರ ಗುಣ. ಕಟಗೀನೂ ಉಳೀತದ. 1983ರಾಗ ಕೇಂದ್ರ ಸರಕಾರಾನೂ ಸುಧಾರಿತ ಒಲಿ ಯೋಜನಾ ತಂತು.

ಆಗ ನಮ್ಮನಿಗೂ ಕೊಳವಿ ಒಲಿ ಬಂತು. ಎರಡು ವರ್ಷ ಅವ್ವನ ಕಣ್ಣು ತಣ್ಣಗಿದ್ದುವು. ಆಮ್ಯಾಲೆ ಕೊಳವಿಯೊಳಗ ಮಸಿ ಕಟ್ಟಿತು, ಅದರ ಸುತ್ತ ಮಾಳಗಿ ಸೋರಿತು. ಅಪ್ಪ ಕೊಳವಿ ಕಿತ್ತಿಸಿ ತೂತು ಮುಚ್ಚಿಸಿಬಿಟ್ಟ. ಮಸಿ ತಗಸಿ, ಸುತ್ತ ಗಾರಿ ಹಚ್ಚಿದ್ರ ಮುಗೀತಿತ್ತು. ಒಲಿ ಮುಂದ ಕೂಡೋಕಿನ್ನ ಮಾತ್ರ ಯಾರೂ ಕೇಳಲಿಲ್ಲ.

ಈಗ ಗ್ಯಾಸ್ ಬಂದದ, ಹೊಗಿ ಎಲ್ಲೈತಿ ಅಂತೀರಿ. ಒಗ್ಗರಣಿ ಘಾಟು, ಎಣ್ಣಿ ಜಿಡ್ಡು, ಉಗಿ, ಗ್ಯಾಸ್ ಉರಿದಾಗ ಬರೋ ಕಣ್ಣಿಗೆ ಕಾಣದ ಕೆಟ್ಟ ಗಾಳಿ, ಇವೆಲ್ಲಾ ಇದ್ದ ಅದಾವ. ಪೈಪ್ ಇಲ್ಲದ ಚಿಮಣಿಯೊಳಗ ಜಾಳಗಿ ಜಿಡ್ಡು ಹಿಡೀತದ, ಇದ್ದಲಿ ಒಂದಿಷ್ಟು ವಾಸನಿ ಹಿಡೀತದ. ಉಗಿ, ಝಳ, ಕೆಟ್ಟ ಗಾಳಿ ತಿರುಗಿ ನಮ್ಮ ಮಾರಿಗೇ ಬರತಾವ.

ಅದಕ್ಕ ಸೊಸಿಗೆ ಹೇಳಿದೆ: ತೂತು ಕೊರಸು. ಪೈಪ್ ಮಷೀನಿನ ಬಾಯಿಯಷ್ಟೇ ಅಗಲ ಇರಲಿ. ಬಾಯಿ 6 ಇಂಚು ಇದ್ರ 4 ಇಂಚಿಗೆ ಇಳಸಬ್ಯಾಡ. ಹಾದಿ ಗಿಡ್ಡ ಇರಲಿ, ನೆಟ್ಟಗಿರಲಿ. ಒಂದೊಂದು ತಿರುವಿಗೂ ಎಳತ ಕಡಿಮಿ ಆಗತದ. ಸುಕ್ಕಿನ ಪೈಪಿಗಿಂತ ನುಣುಪಾದ ತಗಡಿನದು ಚಲೋ. ಹೊರಗಿನ ಬಾಯಿಗೆ ಗಾಳಿ ತಿರುಗಿ ಬರಧಂಗ ಮುಚ್ಚಳ ಹಾಕಸು. ಅಟ್ಟದಾಗ ಬಿಡಬ್ಯಾಡ, ಬಾಜೂ ಮನಿ ಕಿಟಕಿಗೂ ಬಿಡಬ್ಯಾಡ. ಅಡಗಿ ಮಾಡುವಾಗ ಒಂದು ಕಿಟಕಿ ಸ್ವಲ್ಪ ತಗದಿಡು. ಒಳಗ ಗಾಳಿ ಬಂದ್ರನ ಹೊರಗ ಹೋಗೋದು. ಜಾಳಗಿ ತೊಳೀಲಿಕ್ಕೆ ಮರೀಬ್ಯಾಡ, ಅವ್ವನ ಕೊಳವಿ ಕೆಟ್ಟದ್ದು ಮಸಿಯಿಂದನ.

ಮೊನ್ನೆ ಸೊಸಿ ಫೋಟೋ ಕಳಿಸಿದ್ಲು. ಹೊರಗ್ವಾಡಿ ಮ್ಯಾಲೆ ಒಂದು ದುಂಡನ ತೂತು, ಸುತ್ತ ಇನ್ನೂ ಹಸಿ ಸಿಮೆಂಟು. ಚಂದೇನಿಲ್ಲ. ಆದ್ರ ಎಲ್ಲಿ ಕೊರೀಬೇಕು ಅಂತ ಗುರುತು ಹಾಕಿದಾಕಿ ಆಕಿನ ಅಂತ. ನನಗ ಅಷ್ಟು ಸಾಕಾತು.