ಅಂತರ್ಜಾಲದ ಬಿಡಿಲೇಖಕರ ಜೀವನೋಪಾಯ: ಒಂದು ಚಾರಿತ್ರಿಕ ವಿವೇಚನೆ

೧

ಲೇಖಕರ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವರ ಕೃತಿಗಳನ್ನು ಕುರಿತು ಬರೆದಿದ್ದಾರೆ. ಆ ಕೃತಿಗಳು ರಚಿತವಾಗುತ್ತಿದ್ದಾಗ ಮನೆಯ ಒಲೆ ಹೇಗೆ ಉರಿಯುತ್ತಿತ್ತೆಂಬುದನ್ನು ವಿಚಾರಿಸಿದವರು ವಿರಳ. ಆದರೆ ಬರೆಹವು ವೃತ್ತಿಯಾದ ಕಾಲದಿಂದ ಈ ಎರಡನೆಯ ಪ್ರಶ್ನೆಯೂ ಚರಿತ್ರಕಾರನಿಗೆ ಸೇರಿದುದೇ ಆಗಿದೆ. ಯಾವುದೊಂದು ಪತ್ರಿಕೆಯ ಸಂಬಳಕ್ಕೂ ಒಳಪಡದೆ, ಲೇಖನಕ್ಕೆ ಇಷ್ಟೆಂದು ಹಣ ಪಡೆದು ಬದುಕುವವನನ್ನು ನಾವು ಇಲ್ಲಿ 'ಬಿಡಿಲೇಖಕ'ನೆಂದು ಕರೆಯುತ್ತೇವೆ. ೨೦೦೩ರಿಂದ ಈಚೆಗೆ ಅಂತರ್ಜಾಲದಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಇಂಥವರ ಒಂದು ದೊಡ್ಡ ವರ್ಗ ಹುಟ್ಟಿತು. ಸುಮಾರು ಇಪ್ಪತ್ತು ವರ್ಷಗಳೊಳಗೆ ಅದರ ಓದುಗರೂ ಆದಾಯವೂ ಕುಗ್ಗಿದುವು. ಈ ಏರಿಳಿತದ ಕಾರಣಗಳನ್ನು ಅದಕ್ಕೆ ಹಿಂದಿನ ನಿದರ್ಶನಗಳೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

೨

ಮೊದಲು ಹಿಂದಿನ ನಿದರ್ಶನವನ್ನು ನೋಡೋಣ. ಇಂಗ್ಲೆಂಡಿನಲ್ಲಿ ಮುದ್ರಣದ ಪರವಾನಗಿ ಶಾಸನವು ೧೬೯೫ರಲ್ಲಿ ಅಂತ್ಯಗೊಂಡಮೇಲೆ ಪತ್ರಿಕೆಗಳೂ ಕಿರುಹೊತ್ತಗೆಗಳೂ ಹೇರಳವಾಗಿ ಹೊರಬರಲಾರಂಭಿಸಿದುವು. ಅವನ್ನು ತುಂಬಿಸಲು ಬೇಕಾದ ಲೇಖಕರು ಲಂಡನ್ನಿನ ಗ್ರಬ್ ಸ್ಟ್ರೀಟ್ ಎಂಬ ಬಡಬೀದಿಯ ಹೆಸರಿನಿಂದಲೇ ಪ್ರಸಿದ್ಧರಾದರು. ರಾಜಾಶ್ರಯವಾಗಲಿ ಪ್ರಭುಗಳ ಪೋಷಣೆಯಾಗಲಿ ಇಲ್ಲದೆ, ಪುಸ್ತಕವ್ಯಾಪಾರಿ ಕೊಟ್ಟಷ್ಟನ್ನು ಪಡೆದು ಬದುಕಿದವರು ಇವರು. ೧೭೧೦ರ ಶಾಸನವು ಹೊಸ ಕೃತಿಗಳ ಸ್ವಾಮ್ಯವನ್ನು ಹದಿನಾಲ್ಕು ವರ್ಷಗಳ ಮಟ್ಟಿಗೆ ಕರ್ತೃವಿಗೆ ಕೊಟ್ಟು, ಅವನು ಜೀವಿಸಿದ್ದರೆ ಮತ್ತೆ ಹದಿನಾಲ್ಕು ವರ್ಷಗಳನ್ನು ಸೇರಿಸಿತು. ಆದರೆ ಹಸಿದವನು ಆ ಸ್ವಾಮ್ಯವನ್ನು ಮೊದಲ ದಿನವೇ ಮಾರಿಬಿಡುತ್ತಿದ್ದನು.

ಈ ವರ್ಗಕ್ಕೆ ಬಿದ್ದ ಮೊದಲ ದೊಡ್ಡ ಪೆಟ್ಟು ಓದುಗರಿಂದ ಬಂದುದಲ್ಲ. ೧೭೧೨ರ ಮುದ್ರಾಸುಂಕವು ಅರ್ಧ ಹಾಳೆಯ ಪತ್ರಿಕೆಗೆ ಅರ್ಧ ಪೆನ್ನಿಯನ್ನೂ ಪ್ರತಿಯೊಂದು ಜಾಹಿರಾತಿಗೆ ಒಂದು ಷಿಲ್ಲಿಂಗನ್ನೂ ವಿಧಿಸಿತು. ಹಲವು ಪತ್ರಿಕೆಗಳು ನಿಂತುವು. 'ಸ್ಪೆಕ್ಟೇಟರ್' ಪತ್ರಿಕೆ ಬೆಲೆಯನ್ನು ಇಮ್ಮಡಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ನಿಂತುಹೋಯಿತು. ಈ ಪತ್ರಿಕಾಸುಂಕವು ಪೂರ್ತಿಯಾಗಿ ರದ್ದಾದುದು ೧೮೫೫ರಲ್ಲಿ.

ಈ ಬೀದಿಯಲ್ಲಿ ಬೆಳೆದವರಲ್ಲಿ ಶ್ರೇಷ್ಠನಾದ ಸ್ಯಾಮ್ಯುಯೆಲ್ ಜಾನ್ಸನ್ನನ ಉದಾಹರಣೆ ಬೋಧಕವಾದುದು. ೧೭೩೮ರಿಂದ ಅವನು ಎಡ್ವರ್ಡ್ ಕೇವನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಗಾಗಿ ಕೂಲಿಯ ಬರೆಹ ಬರೆದನು. ನಿಘಂಟಿಗಾಗಿ ೧೭೪೬ರಲ್ಲಿ ಒಪ್ಪಂದವಾದ ಹಣ ೧,೫೭೫ ಪೌಂಡು. ಅದರಲ್ಲಿಯೇ ಸಹಾಯಕರ ವೇತನವೂ ಸೇರಿತ್ತು. ನಿಘಂಟು ಹೊರಬಂದ ಮರುವರ್ಷ, ೧೭೫೬ರಲ್ಲಿ, ಆರು ಪೌಂಡಿಗೂ ಕಡಮೆಯಾದ ಸಾಲಕ್ಕಾಗಿ ಅವನು ಬಂಧನಕ್ಕೊಳಗಾದನು. ಕಾದಂಬರಿಕಾರ ರಿಚರ್ಡ್‌ಸನ್ನನು ಹಣ ಕಳುಹಿಸಿ ಬಿಡಿಸಿದನು. ೧೭೬೨ರಲ್ಲಿ ವರ್ಷಕ್ಕೆ ೩೦೦ ಪೌಂಡಿನ ರಾಜವೇತನ ದೊರೆತ ಮೇಲೆಯೇ ಜಾನ್ಸನ್ನನು ನಿಶ್ಚಿಂತನಾದುದು. ಕೀರ್ತಿಗೂ ಆದಾಯಕ್ಕೂ ಅನಿವಾರ್ಯವಾದ ಸಂಬಂಧವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಕ್ಷರಸ್ಥರು ಹೆಚ್ಚಿದರು, ಪತ್ರಿಕೆಗಳೂ ಹೆಚ್ಚಿದುವು. ಲೇಖಕರು ೧೮೮೪ರಲ್ಲಿ ತಮ್ಮದೇ ಆದ ಸಂಘವನ್ನು ಲಂಡನ್ನಿನಲ್ಲಿ ಕಟ್ಟಿಕೊಂಡರು. ಆದರೂ ಬಿಡಿಲೇಖಕರ ಬಡತನವನ್ನೇ ವಸ್ತುವಾಗಿಸಿಕೊಂಡು ೧೮೯೧ರಲ್ಲಿ 'ನ್ಯೂ ಗ್ರಬ್ ಸ್ಟ್ರೀಟ್' ಎಂಬ ಕಾದಂಬರಿಯನ್ನು ಬರೆದ ಜಾರ್ಜ್ ಗಿಸ್ಸಿಂಗನು ಅದರ ಸ್ವಾಮ್ಯವನ್ನು ೧೫೦ ಪೌಂಡಿಗೆ ಮಾರಬೇಕಾಯಿತು.

೩

ಈಗ ಪ್ರಕೃತ ವಿಷಯಕ್ಕೆ ಬರೋಣ. ೨೦೦೩ರಲ್ಲಿ ಗೂಗಲ್ ಸಂಸ್ಥೆಯು 'ಆಡ್‌ಸೆನ್ಸ್' ಎಂಬ ಏರ್ಪಾಟನ್ನು ಆರಂಭಿಸಿತು. ಯಾರದೇ ಪುಟದಲ್ಲಿ ಆ ಪುಟದ ವಿಷಯಕ್ಕೆ ಹೊಂದುವ ಜಾಹಿರಾತನ್ನು ಯಂತ್ರವೇ ಇರಿಸಿ, ಬಂದ ಹಣದಲ್ಲಿ ಪುಟದೊಡೆಯನಿಗೆ ಪಾಲು ಕೊಡುವುದು ಇದರ ಕ್ರಮ. ಈ ಪಾಲು ಶೇಕಡಾ ೬೮ ಎಂದು ಸಂಸ್ಥೆಯು ೨೦೧೦ರಲ್ಲಿ ಬಹಿರಂಗಪಡಿಸಿತು. ಹೀಗೆ ಸಂಪಾದಕನ ಒಪ್ಪಿಗೆಯಿಲ್ಲದೆ, ಚಂದಾದಾರರಿಲ್ಲದೆ, ಬರೆಹವೊಂದು ಹಣ ತರುವುದು ಸಾಧ್ಯವಾಯಿತು. ಇದು ಸಾಮಾನ್ಯವಾದ ಬದಲಾವಣೆಯಲ್ಲ.

ಈ ತಳಹದಿಯ ಮೇಲೆ ಅನೇಕ ಜಾಲತಾಣಗಳು ಎದ್ದುವು. ೨೦೦೫ರಲ್ಲಿ ಸ್ಥಾಪಿತವಾದ 'ಅಸೋಸಿಯೇಟೆಡ್ ಕಂಟೆಂಟ್' ಲೇಖನಕ್ಕೆ ಕೆಲವು ಡಾಲರುಗಳನ್ನು ಮುಂಗಡವಾಗಿ ಕೊಟ್ಟು, ಅನಂತರ ಸಾವಿರ ಪುಟವೀಕ್ಷಣೆಗಳಿಗೆ ಸುಮಾರು ಒಂದೂವರೆ ಡಾಲರಿನಂತೆ ಕೊಡುತ್ತಿತ್ತು. 'ಸ್ಕ್ವಿಡೂ', 'ಹಬ್‌ಪೇಜಸ್', 'ಎಕ್ಸಾಮಿನರ್' ಮುಂತಾದುವು ಜಾಹಿರಾತಿನ ಆದಾಯವನ್ನಾಗಲಿ ವೀಕ್ಷಣೆಯ ಲೆಕ್ಕವನ್ನಾಗಲಿ ಆಧಾರವಾಗಿ ಇರಿಸಿಕೊಂಡುವು. ೨೦೦೬ರಲ್ಲಿ ಹುಟ್ಟಿದ 'ಡಿಮಾಂಡ್ ಮೀಡಿಯಾ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜನರು ಯಾವ ಪದಗಳನ್ನು ಹುಡುಕುತ್ತಾರೆ, ಆ ಪದಗಳಿಗೆ ಜಾಹಿರಾತುದಾರರು ಎಷ್ಟು ಕೊಡುತ್ತಾರೆ ಎಂಬುದನ್ನು ಯಂತ್ರದಿಂದ ಲೆಕ್ಕಹಾಕಿಸಿ, ಲೇಖನದ ಶೀರ್ಷಿಕೆಯನ್ನು ಮೊದಲೇ ಗೊತ್ತುಮಾಡಿ, ಅನಂತರ ಬರೆಯುವವನನ್ನು ಹುಡುಕುವುದು ಅದರ ಪದ್ಧತಿ. ಸಾಮಾನ್ಯವಾಗಿ ಲೇಖನಕ್ಕೆ ೧೫ ಡಾಲರು ಸಲ್ಲುತ್ತಿತ್ತು. ದಿನಕ್ಕೆ ೧೨೦ ಡಾಲರು ಗಳಿಸಬೇಕಾದರೆ ಎಂಟು ಲೇಖನಗಳನ್ನು ಬರೆಯಬೇಕು. ಇಷ್ಟರಲ್ಲಿ ವಿಷಯವನ್ನು ಪರಿಶೋಧಿಸಲು ಎಷ್ಟು ಹೊತ್ತು ಉಳಿದೀತೆಂಬುದನ್ನು ಓದುಗರೇ ಊಹಿಸಬಹುದು.

ಹೀಗಿದ್ದರೂ ಈ ಕೆಲಸಕ್ಕೆ ಜನ ಬಂದರು. ೨೦೦೮ರ ಆರ್ಥಿಕ ಕುಸಿತದಲ್ಲಿ ಪತ್ರಿಕೆಗಳಿಂದ ಹೊರಬಿದ್ದವರು, ಮನೆಬಿಟ್ಟು ಹೋಗಲಾರದವರು, ಬೇರೆ ಸಂಪಾದನೆಗೆ ಪೂರಕವಾಗಿ ಬರೆಯುವವರು ಇವರಲ್ಲಿದ್ದರು. ತಾಣಗಳ ಒಡೆಯರಿಗಂತೂ ಲಾಭ ದೊಡ್ಡದಾಯಿತು. ೨೦೧೦ರಲ್ಲಿ ಯಾಹೂ ಸಂಸ್ಥೆಯು ಅಸೋಸಿಯೇಟೆಡ್ ಕಂಟೆಂಟನ್ನು ಕೊಂಡಿತು. ೨೦೧೧ರ ಜನವರಿಯಲ್ಲಿ ಡಿಮಾಂಡ್ ಮೀಡಿಯಾದ ಷೇರುಗಳು ೧೭ ಡಾಲರಿನ ಬೆಲೆಗೆ ಹೊರಬಂದಾಗ ಅದರ ಒಟ್ಟು ಮೌಲ್ಯವು ನ್ಯೂಯಾರ್ಕ್ ಟೈಮ್ಸ್ ಕಂಪೆನಿಯ ಮೌಲ್ಯವನ್ನೂ ಮೀರಿತು. ಮರುತಿಂಗಳು ಹಫಿಂಗ್ಟನ್ ಪೋಸ್ಟ್ ೩೧.೫ ಕೋಟಿ ಡಾಲರಿಗೆ ಮಾರಾಟವಾಗುವುದೆಂಬ ಪ್ರಕಟಣೆ ಬಂದಿತು. ಅದಕ್ಕೆ ಹಣವಿಲ್ಲದೆ ಬರೆದವರು ಪಾಲು ಕೇಳಿ ಹೂಡಿದ ದಾವೆಯನ್ನು ೨೦೧೨ರಲ್ಲಿ ನ್ಯಾಯಾಲಯವು ವಜಾಮಾಡಿತು.

೪

ಅವನತಿ ಆರಂಭವಾದುದು ಈ ಉತ್ಕರ್ಷದ ತಿಂಗಳಲ್ಲಿಯೇ. ೨೦೧೧ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಶೋಧಕ್ರಮವನ್ನು ಬದಲಿಸಿತು. ಈ ಬದಲಾವಣೆ 'ಪಾಂಡಾ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅಮೆರಿಕದ ಶೋಧನೆಗಳಲ್ಲಿ ಶೇಕಡಾ ೧೧.೮ರ ಮೇಲೆ ಅದರ ಪರಿಣಾಮವಾಗುವುದೆಂದು ಸಂಸ್ಥೆಯೇ ತಿಳಿಸಿತು. ಕೀಳ್ತರದ ತಾಣಗಳನ್ನು ಕೆಳಕ್ಕೆ ತಳ್ಳುವುದು ಇದರ ಉದ್ದೇಶ. ಆದರೆ ಅಳೆದುದು ತಾಣವನ್ನು; ಲೇಖಕನೊಬ್ಬನನ್ನು ಪ್ರತ್ಯೇಕವಾಗಿ ಅಲ್ಲ. ಆದುದರಿಂದ ಶ್ರದ್ಧೆಯಿಂದ ಬರೆದವನೂ ಅಶ್ರದ್ಧೆಯಿಂದ ಬರೆದವನೂ ಒಟ್ಟಿಗೆ ಓದುಗರನ್ನು ಕಳೆದುಕೊಂಡರು. ಹಬ್‌ಪೇಜಸ್ ಪ್ರತಿಯೊಬ್ಬ ಲೇಖಕನಿಗೂ ಪ್ರತ್ಯೇಕವಾದ ಉಪವಿಳಾಸವನ್ನು ಕೊಟ್ಟು ಒಳ್ಳೆಯವರನ್ನು ಉಳಿಸಿಕೊಳ್ಳಲು ಯತ್ನಿಸಿದುದು ಈ ಅನ್ಯಾಯಕ್ಕೆ ಸಾಕ್ಷಿ.

ಮುಂದೆ ತಾಣಗಳು ಒಂದೊಂದಾಗಿ ಮುಚ್ಚಿದುವು. ಅಸೋಸಿಯೇಟೆಡ್ ಕಂಟೆಂಟಿನ ಉತ್ತರಾಧಿಕಾರಿಯಾದ 'ಯಾಹೂ ವಾಯ್ಸಸ್' ೨೦೧೪ರಲ್ಲಿ ನಿಂತಿತು. ಅದೇ ವರ್ಷ ಸ್ಕ್ವಿಡೂ ಹಬ್‌ಪೇಜಸ್ಸಿನಲ್ಲಿ ಲೀನವಾಯಿತು. ೨೦೧೬ರಲ್ಲಿ ಎಕ್ಸಾಮಿನರ್ ಮುಚ್ಚಿತು. ಡಿಮಾಂಡ್ ಮೀಡಿಯಾ ಅದೇ ವರ್ಷ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಇನ್ನು ಒಟ್ಟು ಲೇಖಕವರ್ಗದ ಸ್ಥಿತಿಯನ್ನು ಎರಡು ಸಮೀಕ್ಷೆಗಳು ತೋರಿಸುತ್ತವೆ. ಅಮೆರಿಕದ ಆಥರ್ಸ್ ಗಿಲ್ಡ್ ಪ್ರಕಾರ ಗ್ರಂಥಕರ್ತರ ಬರೆಹಸಂಬಂಧವಾದ ವರಮಾನದ ಮಧ್ಯಾಂಕವು ೨೦೦೯ರಲ್ಲಿ ೧೦,೫೦೦ ಡಾಲರು ಇದ್ದುದು ೨೦೧೭ರಲ್ಲಿ ೬,೦೮೦ಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ ಬರೆಹವನ್ನೇ ಮುಖ್ಯ ವೃತ್ತಿಯಾಗಿಸಿಕೊಂಡವರ ಮಧ್ಯಾಂಕವು ೨೦೦೬ರಲ್ಲಿ ೧೨,೩೩೦ ಪೌಂಡು. ೨೦೨೨ರಲ್ಲಿ ಪ್ರಕಟವಾದ ವರದಿಯಲ್ಲಿ ೭,೦೦೦ ಪೌಂಡು. ಇವು ಅಂತರ್ಜಾಲದ ಬಿಡಿಲೇಖಕರಿಗೆ ಮಾತ್ರ ಸಂಬಂಧಿಸಿದ ಅಂಕಿಗಳಲ್ಲವಾದರೂ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದಕ್ಕೆ ಸಾಕಾದ ಆಧಾರ.

ಎರಡನೆಯ ಪೆಟ್ಟು ೨೦೨೨ರ ನವೆಂಬರಿನಲ್ಲಿ ಹೊರಬಂದ 'ಚಾಟ್‌ಜಿಪಿಟಿ'ಯಿಂದ ಆರಂಭವಾಯಿತು. 'ಅಪ್‌ವರ್ಕ್' ತಾಣದ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು, ಇಂಥ ಯಂತ್ರಗಳಿಂದ ಬಾಧಿತವಾದ ಕಸಬುಗಳಲ್ಲಿ ಕೆಲಸಗಳು ಶೇಕಡಾ ೨ರಷ್ಟೂ ಗಳಿಕೆ ಸುಮಾರು ಶೇಕಡಾ ೫ರಷ್ಟೂ ಕಡಮೆಯಾದುವೆಂದೂ, ನುರಿತವರಿಗೂ ಇದರಿಂದ ರಕ್ಷಣೆ ದೊರೆಯಲಿಲ್ಲವೆಂದೂ ಕಂಡುಕೊಂಡಿದ್ದಾರೆ. ೨೦೨೪ರ ಮೇ ತಿಂಗಳಿನಿಂದ ಗೂಗಲ್ ಅಮೆರಿಕದಲ್ಲಿ ಶೋಧಫಲಗಳ ತಲೆಯ ಮೇಲೆ ಯಂತ್ರರಚಿತ ಸಾರಾಂಶವನ್ನು ತೋರಿಸತೊಡಗಿತು. ೨೦೨೫ರ ಮಾರ್ಚಿ ತಿಂಗಳ ಬಳಕೆಯನ್ನು ಪರಿಶೀಲಿಸಿದ ಪ್ಯೂ ಸಂಶೋಧನ ಕೇಂದ್ರದ ಪ್ರಕಾರ, ಸಾರಾಂಶವಿಲ್ಲದಾಗ ಶೇಕಡಾ ೧೫ ಸಲ ಯಾವುದಾದರೊಂದು ಕೊಂಡಿಯನ್ನು ಒತ್ತುತ್ತಿದ್ದ ಜನರು, ಸಾರಾಂಶವಿದ್ದಾಗ ಶೇಕಡಾ ೮ ಸಲ ಮಾತ್ರ ಒತ್ತಿದರು. ಲೇಖನದ ತಿರುಳು ಓದುಗನನ್ನು ಮುಟ್ಟಿತು. ಓದುಗನು ಲೇಖಕನನ್ನು ಮುಟ್ಟಲಿಲ್ಲ.

೫

ಇದಕ್ಕೆ ಒಂದು ಆಕ್ಷೇಪವುಂಟು. ಹದಿನೈದು ಡಾಲರಿನ ಬರೆಹ ಹೋದರೆ ನಷ್ಟವೇನೆಂದು ಕೆಲವರು ಕೇಳುತ್ತಾರೆ. ಆ ರಾಶಿಯಲ್ಲಿ ಜೊಳ್ಳು ಬಹಳವಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜೊಳ್ಳಿಗೆ ಕಾರಣ ಬರೆದವನ ಅಯೋಗ್ಯತೆಯೊಂದೇ ಅಲ್ಲ, ಕೂಲಿಯ ದರವೂ ಹೌದು. ಜಾನ್ಸನ್ನನು ಕಸಬನ್ನು ಕಲಿತುದು ಇಂಥ ಕೂಲಿಬರೆಹದಲ್ಲಿಯೇ. ಅಭ್ಯಾಸದ ಅಂಗಳವೇ ಇಲ್ಲದಾದರೆ ಮುಂದಿನವರು ಎಲ್ಲಿ ಕಲಿಯಬೇಕು?

ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಎರಡು ಕಾಲಗಳಲ್ಲಿಯೂ ಪೆಟ್ಟು ಬಿದ್ದುದು ಓದುವ ಹಂಬಲ ಬತ್ತಿದುದರಿಂದಲ್ಲ. ಲೇಖಕನಿಗೂ ಓದುಗನಿಗೂ ನಡುವಣ ದಾರಿಯನ್ನು ಹಿಡಿದಿದ್ದವರು ದಾರಿಯನ್ನು ಬದಲಿಸಿದುದರಿಂದ. ಆದರೆ ಒಂದು ಭೇದವುಂಟು. ೧೭೧೨ರ ಸುಂಕವನ್ನು ವಿಧಿಸಿದುದು ಪಾರ್ಲಿಮೆಂಟು. ಅದರ ವಿರುದ್ಧ ಅಲ್ಲಿಯೇ ವಾದಿಸಬಹುದಾಗಿತ್ತು, ತಡವಾದರೂ ಗೆಲ್ಲಬಹುದಾಗಿತ್ತು. ಶೋಧಕ್ರಮದ ಬದಲಾವಣೆಗೆ ಅಂಥ ಸಭೆಯಿಲ್ಲ. ನ್ಯಾಯಾಲಯದ ಗೆಲವೂ ಬಿಡಿಲೇಖಕನಿಗೆ ಪೂರ್ತಿಯಾಗಿ ದಕ್ಕಿಲ್ಲ. ೨೦೦೧ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಟಸೀನಿ ಮೊಕದ್ದಮೆಯಲ್ಲಿ ಬಿಡಿಲೇಖಕರ ಪರವಾಗಿ ತೀರ್ಪಿತ್ತಿತು. ಪತ್ರಿಕೆಗಳಾದರೋ ಹಳೆಯ ಲೇಖನಗಳನ್ನು ದತ್ತಾಂಶಕೋಶಗಳಿಂದ ತೆಗೆದುವು, ಹೊಸ ಲೇಖನಗಳಿಗೆ ಸಮಸ್ತ ಹಕ್ಕುಗಳನ್ನೂ ಮೊದಲೇ ಬರೆಸಿಕೊಂಡುವು. ೨೦೨೫ರಲ್ಲಿ ಆಂಥ್ರೋಪಿಕ್ ಸಂಸ್ಥೆಯು ಅನಧಿಕೃತ ಪುಸ್ತಕಪ್ರತಿಗಳ ವಿಷಯದಲ್ಲಿ ೧೫೦ ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಪುಸ್ತಕಕ್ಕೆ ಸುಮಾರು ೩,೦೦೦ ಡಾಲರು. ಪುಸ್ತಕವಿಲ್ಲದ ಲೇಖಕನಿಗೆ ಅದರಲ್ಲಿ ಪಾಲಿಲ್ಲ.

ಉಳಿದಿರುವ ಒಂದು ದಾರಿ ಓದುಗನೇ ನೇರವಾಗಿ ಹಣ ಕೊಡುವುದು. ೨೦೧೭ರಲ್ಲಿ ಸ್ಥಾಪಿತವಾದ 'ಸಬ್‌ಸ್ಟ್ಯಾಕ್' ಇದನ್ನು ಅವಲಂಬಿಸಿದೆ. ಇದು ಹೊಸದೇನೂ ಅಲ್ಲ: ಪೋಪ್ ಕವಿಯು ೧೭೧೫ರಿಂದ ೧೭೨೦ರವರೆಗೆ ತನ್ನ ಇಲಿಯಡ್ ಭಾಷಾಂತರವನ್ನು ಚಂದಾದಾರರ ಬೆಂಬಲದಿಂದ ಪ್ರಕಟಿಸಿ ಶ್ರೀಮಂತನಾದನು, ನಮ್ಮ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆದರೆ ಹೆಸರುಳ್ಳವನಿಗೆ ಚಂದಾದಾರರು ಬೇಗ ಸಿಕ್ಕುತ್ತಾರೆ. ಹೆಸರಿಲ್ಲದವನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕೊನೆಯದಾಗಿ ನಮ್ಮ ಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದ ಮಾತೊಂದುಂಟು. ಲಂಡನ್ನಿನ ಪುಸ್ತಕವ್ಯಾಪಾರಿ ಜಾರ್ಜ್ ಥಾಮಸನನು ೧೬೪೦ರಿಂದ ೧೬೬೧ರವರೆಗೆ ಸುಮಾರು ೨೨,೦೦೦ ಬಿಡಿಹೊತ್ತಗೆಗಳನ್ನೂ ಪತ್ರಿಕೆಗಳನ್ನೂ ಕೂಡಿಹಾಕಿದನು. ಆ ಕಾಲದವರು ಕಸವೆಂದು ಎಸೆದುದನ್ನು ಅವನು ಉಳಿಸಿದುದರಿಂದಲೇ ಇಂಗ್ಲೆಂಡಿನ ಅಂತಃಕಲಹದ ಚರಿತ್ರೆಯನ್ನು ಇಂದು ವಿವರವಾಗಿ ಬರೆಯುವುದು ಸಾಧ್ಯವಾಗಿದೆ. ೨೦೧೪ರಲ್ಲಿ ತಾಣಗಳು ಮುಚ್ಚಿದಾಗ ಅಸಂಖ್ಯ ಲೇಖನಗಳು ತಮ್ಮ ವಿಳಾಸಗಳಿಂದ ಮಾಯವಾದುವು. ೧೯೯೬ರಲ್ಲಿ ಸ್ಥಾಪಿತವಾದ 'ಇಂಟರ್ನೆಟ್ ಆರ್ಕೈವ್' ಉಳಿಸಿರುವಷ್ಟು ಉಳಿದಿದೆ. ಬಿಡಿಲೇಖಕನು ಕಳೆದುಕೊಂಡುದು ಆದಾಯವನ್ನು. ಮುಂದಿನ ಚರಿತ್ರಕಾರನು ಕಳೆದುಕೊಂಡುದು ಆಧಾರವನ್ನು. ಒಂದು ತಲೆಮಾರಿನ ಸಾಮಾನ್ಯ ಜನರು ಏನನ್ನು ತಿಳಿಯಬಯಸಿದರು, ಅವರಿಗೆ ಯಾರು ಏನೆಂದು ಉತ್ತರಿಸಿದರು ಎಂಬುದಕ್ಕೆ ಈ ಅಗ್ಗದ ಬರೆಹಗಳಿಗಿಂತ ಹೆಚ್ಚಿನ ಸಾಕ್ಷ್ಯ ದೊರೆಯುವುದು ಕಷ್ಟ. ಆದುದರಿಂದ ಇಂಥ ಬರೆಹಗಳನ್ನು ಗುಣದೋಷಗಳ ವಿಚಾರಕ್ಕೆ ಮೊದಲೇ ಸಂಗ್ರಹಿಸಿಡುವ ಕಾರ್ಯವನ್ನು ವಿಶ್ವವಿದ್ಯಾನಿಲಯಗಳ ಗ್ರಂಥಭಂಡಾರಗಳು ಕೈಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ನಮ್ಮ ವಿದ್ಯಾರ್ಥಿಗಳು ಕನ್ನಡದಲ್ಲಿ ಮುಚ್ಚಿಹೋಗುತ್ತಿರುವ ಇಂಥ ತಾಣಗಳ ಪಟ್ಟಿಯನ್ನು ಮಾಡುವುದರಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.